ಚಿಕ್ಕ ಹಿಟಾಚಿಯ ಬೂಮ್ ಬುಷ್: ಸವೆತದ ಪರೀಕ್ಷೆ ಮತ್ತು ಬದಲಾವಣೆ



ಆಳುಗಳ ಅಭಾವ ಹೆಚ್ಚಿದಂತೆ ಬಸಿಗಾಲುವೆ ತೋಡಲು, ತೊಟ್ಟಿಲು ಗುಂಡಿ ತೆಗೆಯಲು, ತೋಟದ ರಸ್ತೆ ಸರಿಪಡಿಸಲು ನಾವು ಮಣ್ಣು ಅಗೆಯುವ ಚಿಕ್ಕ ಯಂತ್ರವನ್ನೇ ನೆಚ್ಚಿಕೊಳ್ಳುತ್ತಿದ್ದೇವೆ. ಯಾವ ಕಂಪನಿಯದಾದರೂ ಊರವರ ಬಾಯಲ್ಲಿ ಅದು 'ಚಿಕ್ಕ ಹಿಟಾಚಿ'. ಹೊಸದನ್ನು ಕೊಳ್ಳುವ ಶಕ್ತಿ ಸಣ್ಣ ಬೆಳೆಗಾರರಿಗೆ ಇಲ್ಲದ ಕಾರಣ ಮೂರು ನಾಲ್ಕು ಮಂದಿ ಸೇರಿ ಹಳೆಯದನ್ನು ಕೊಳ್ಳುವುದುಂಟು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಕಡೆಯಲ್ಲಿ ದುಡಿದ ಯಂತ್ರಗಳನ್ನು ಕೊಳ್ಳಬಹುದೇ ಎಂದು ಕೆಲವು ಸದಸ್ಯರು ಸಂಘವನ್ನು ಕೇಳಿದ್ದಾರೆ. ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಆದರೆ ಬಣ್ಣವನ್ನೂ ಎಂಜಿನ್ನಿನ ಸದ್ದನ್ನೂ ನೋಡಿ ಬೆಲೆ ಕಟ್ಟುವ ಮುನ್ನ ಬೂಮಿನ ಬುಡದ ಬುಷ್‌ಗಳನ್ನು ನೋಡಬೇಕು ಎಂಬುದೇ ಈ ಲೇಖನದ ಸಾರಾಂಶ.

ಬುಷ್ ಎಂದರೇನು?

ಎತ್ತಿನ ಗಾಡಿಯ ಅಚ್ಚು ಗಾಲಿಯ ಮರಕ್ಕೆ ನೇರವಾಗಿ ಉಜ್ಜದಂತೆ ನಡುವೆ ಒಂದು ಕಬ್ಬಿಣದ ಕೊಳವೆ ಇರುವುದನ್ನೂ, ಅದಕ್ಕೆ ಹಿರಿಯರು ತಪ್ಪದೆ ಕೀಲೆಣ್ಣೆ ಹಾಕುತ್ತಿದ್ದುದನ್ನೂ ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಯಂತ್ರದಲ್ಲಿಯೂ ವ್ಯವಸ್ಥೆ ಅದೇ. ಬೂಮ್ ಎಂಬ ದೊಡ್ಡ ತೋಳು ಒಂದು ದಪ್ಪ ಪಿನ್ನಿನ ಮೇಲೆ ಏರಿಳಿಯುತ್ತದೆ. ಪಿನ್ನಿಗೂ ಬೂಮಿನ ರಂಧ್ರಕ್ಕೂ ನಡುವೆ ಗಡಸು ಉಕ್ಕಿನ ಅಥವಾ ಕಂಚಿನ ತೋಳೆಯಂತಹ ಬುಷ್‌ಗಳನ್ನು ಒತ್ತಿ ಕೂಡಿಸಿರುತ್ತಾರೆ. ಸವೆಯುವುದಕ್ಕೆಂದೇ ಇಟ್ಟ ಭಾಗ ಇದು. ಬೆಲೆಬಾಳುವ ಬೂಮನ್ನು ಉಳಿಸಿ ಅಗ್ಗದ ಬುಷ್ ಸವೆಯಲಿ ಎಂಬುದು ಯಂತ್ರ ಮಾಡಿದವರ ಲೆಕ್ಕ. ಸವೆದ ಬುಷ್ ಬದಲಿಸದೆ ದುಡಿಸಿದರೆ ಆ ಲೆಕ್ಕ ತಲೆಕೆಳಗಾಗಿ ಬೂಮೇ ಸವೆಯತೊಡಗುತ್ತದೆ.

ಸ್ವಲ್ಪ ಸಡಿಲ ಇದ್ದರೇನು ಎಂದು ಕೇಳುವವರು ಈ ಲೆಕ್ಕ ಗಮನಿಸಬೇಕು. ಬೂಮಿನ ಬುಡ 200 ಮಿ.ಮೀ. ಅಗಲವಿದ್ದು, ಬಕೆಟ್ಟಿನ ತುದಿ 4 ಮೀಟರ್ ದೂರದಲ್ಲಿದೆ ಎನ್ನೋಣ. ಬುಷ್‌ನಲ್ಲಿ 1 ಮಿ.ಮೀ. ಸಡಿಲ ಬಂದರೆ ಬಕೆಟ್ಟಿನ ತುದಿ ಒಂದೊಂದು ಮಗ್ಗುಲಿಗೂ 20 ಮಿ.ಮೀ. ಓಲಾಡುತ್ತದೆ. ಉಳಿದ ಕೀಲುಗಳ ಸಡಿಲವೂ ಇದಕ್ಕೆ ಸೇರುತ್ತದೆ. ಬಯಲಿನಲ್ಲಿ ಇದು ದೊಡ್ಡ ವಿಷಯವಲ್ಲ. ಆದರೆ 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆ ಸಾಲಿನ ನಡುವೆ ಯಂತ್ರ ನುಗ್ಗಿದಾಗ, ಚಾಲಕ ಬಿಟ್ಟ ಜಾಗಕ್ಕೆ ಬಕೆಟ್ ಬೀಳದೆ ಮರದ ಬುಡಕ್ಕೆ ತಗಲುತ್ತದೆ. ಇದಲ್ಲದೆ ಸಡಿಲವಾದ ಪಿನ್ ಪ್ರತಿ ಬಾರಿ ಭಾರ ಬಿದ್ದಾಗಲೂ ಸುತ್ತಿಗೆಯಂತೆ ಬಡಿಯುತ್ತದೆ. ಆದುದರಿಂದ ಸವೆತದ ವೇಗ ದಿನೇ ದಿನೇ ಹೆಚ್ಚುತ್ತದೆ. ಕೊನೆಗೆ ಬೂಮಿನ ಬುಡದಲ್ಲಿ ಬಿರುಕು ಕಾಣಿಸಬಹುದು.

ಯಂತ್ರ ದುಡಿದದ್ದು ಯಾವ ನೆಲದಲ್ಲಿ?

ಹಳೆಯ ಯಂತ್ರದ ಮಾಲೀಕನನ್ನು ಎಷ್ಟು ಗಂಟೆ ಓಡಿದೆ ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿ ಓಡಿದೆ ಎಂದೂ ಕೇಳಬೇಕು. ಇಳಕಲ್, ಹುನಗುಂದ ಕಡೆಯ ಕೆಂಪು ಗ್ರಾನೈಟ್ ದೂರದೂರಕ್ಕೆ ಹೆಸರಾದದ್ದು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಬಹಳ. ಗಡಸುತನದ ಮೋಸ್ ಅಳತೆಯಲ್ಲಿ ಬೆಣಚುಕಲ್ಲಿಗೆ 7ನೆಯ ಸ್ಥಾನ. ಬುಷ್‌ನ ಗಡಸು ಉಕ್ಕನ್ನೂ ಅದು ಗೀರಬಲ್ಲದು. ಆ ಧೂಳು ಗ್ರೀಸಿನೊಡನೆ ಕಲೆತರೆ ಗ್ರೀಸು ಸಾಣೆ ಹಿಡಿಯುವ ಮಸಾಲೆಯಾಗುತ್ತದೆ.

ಬಾದಾಮಿಯ ಮರಳುಗಲ್ಲು ಇನ್ನೊಂದು ಬಗೆಯದು. ಚಾಲುಕ್ಯರ ಕಾಲದ ಶಿಲ್ಪಿಗಳು ಅದರಲ್ಲಿ ಗುಹಾಲಯಗಳನ್ನು ಕೊರೆದರು. 3ನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ. ಉಳಿಗೆ ಬಗ್ಗುವ ಕಲ್ಲಾದ್ದರಿಂದ ಯಂತ್ರಕ್ಕೂ ಮೃದು ಎಂದು ಭಾವಿಸಬಾರದು. ಅಲ್ಲಿ ಬಗ್ಗುವುದು ಕಣಗಳ ನಡುವಿನ ಬೆಸುಗೆ. ಕಣ ಮಾತ್ರ ಬೆಣಚುಕಲ್ಲೇ. ಬಾಗಲಕೋಟೆ ಸುತ್ತಲಿನ ಸುಣ್ಣಕಲ್ಲು ಅದೇ ಅಳತೆಯಲ್ಲಿ ಸುಮಾರು 3ರಷ್ಟೇ ಗಡಸು. ಕಬ್ಬಿನ ಗದ್ದೆಯ ಎರೆ ಮಣ್ಣಿನಲ್ಲಿ ಕಾಲುವೆ ತೋಡಿದ ಯಂತ್ರಕ್ಕೂ ಗಣಿಯಲ್ಲಿ ದುಡಿದ ಯಂತ್ರಕ್ಕೂ ಗಂಟೆ ಒಂದೇ ಇದ್ದರೂ ಬುಷ್‌ಗಳ ಸ್ಥಿತಿ ಒಂದೇ ಇರಲಾರದು.

ನಮ್ಮ ಮಲೆನಾಡಿನ ಶತ್ರು ಬೇರೆ. ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ನಮ್ಮಲ್ಲಿ 2,000 ಮಿ.ಮೀ. ಮೀರುವ ಊರುಗಳು ಬಹಳ. ಮಳೆನೀರು ಗ್ರೀಸನ್ನು ತೊಳೆದು ಪಿನ್ನಿಗೆ ತುಕ್ಕು ಹಿಡಿಸುತ್ತದೆ. ಒಣ ನಾಡಿನ ಧೂಳಿನಲ್ಲಿ ಗೀರು ಬಿದ್ದ ಬುಷ್ ಮಲೆನಾಡಿನ ನೀರಿಗೆ ಬಂದರೆ ಅದರ ಆಯುಷ್ಯ ಬೇಗ ಮುಗಿಯುತ್ತದೆ.

ಪರೀಕ್ಷಿಸುವ ಬಗೆ

ಸಮತಟ್ಟು ನೆಲದಲ್ಲಿ ಬಕೆಟ್ ನೆಲಕ್ಕೂರಿ, ಚಾಲಕನು ಬೂಮನ್ನು ಅತಿ ನಿಧಾನವಾಗಿ ಎತ್ತಿ ಇಳಿಸುತ್ತಿರಲಿ. ನೋಡುವವರು ದೂರದಲ್ಲಿ ನಿಂತು ಬೂಮಿನ ಬುಡವನ್ನು ಗಮನಿಸಬೇಕು. ಬಕೆಟ್ ಕದಲುವ ಮುನ್ನವೇ ಬುಡ ಜಿಗಿದರೆ ಸಡಿಲವಿದೆ ಎಂದರ್ಥ. ಅನಂತರ ಎಂಜಿನ್ ನಿಲ್ಲಿಸಿ ಹಾರೆಯಿಂದ ಮೀಟಿ ಅಳೆಯಬಹುದು. ಕೀಲಿನ ಸಂದಿಗೆ ಬೆರಳು ಹಾಕುವುದು ಎಂದಿಗೂ ಕೂಡದು. ಎಷ್ಟು ಸಡಿಲ ಸಹ್ಯ ಎಂಬುದು ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಗ್ರೀಸ್ ಗನ್ ಒತ್ತಿದಾಗ ಗ್ರೀಸು ಅಂಚಿನಲ್ಲಿ ಹೊರಬರದಿದ್ದರೆ ದಾರಿ ಕಟ್ಟಿದೆ ಎಂದು ತಿಳಿಯಬೇಕು.

ಬದಲಾಯಿಸುವ ಕ್ರಮ

ಈ ಕೆಲಸ ಅನುಭವಿ ಮೆಕ್ಯಾನಿಕ್‌ನದೇ. ಆದರೂ ಮಾಲೀಕರು ಕ್ರಮ ತಿಳಿದು ಎದುರಿಗೆ ನಿಲ್ಲುವುದು ಒಳ್ಳೆಯದು.

1. ಬಕೆಟ್ಟನ್ನೂ ಬೂಮನ್ನೂ ನೆಲಕ್ಕಿಳಿಸಿ, ಎಂಜಿನ್ ನಿಲ್ಲಿಸಿ, ಲಿವರ್‌ಗಳನ್ನು ಹಲವು ಬಾರಿ ಆಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಬೇಕು. ಬೂಮಿಗೆ ಮರದ ದಿಮ್ಮಿಗಳ ಆಸರೆಯೂ ಸರಪಳಿಯ ಹಿಡಿತವೂ ಇರಲಿ. ಜ್ಯಾಕ್ ಒಂದನ್ನೇ ನಂಬಬಾರದು.

2. ಪಿನ್ ಹೊಡೆದು ತೆಗೆಯುವಾಗ ನಡುವೆ ಹಿತ್ತಾಳೆಯ ತುಂಡು ಇಡಬೇಕು. ಗಡಸು ಪಿನ್ನಿಗೆ ಸುತ್ತಿಗೆ ನೇರವಾಗಿ ಬಿದ್ದರೆ ಚೂರು ಸಿಡಿದು ಕಣ್ಣಿಗೆ ಅಪಾಯ. ಕನ್ನಡಕ ಧರಿಸಲೇಬೇಕು.

3. ಹಳೆಯ ಬುಷ್ಷನ್ನು ಉದ್ದನೆಯ ಬೋಲ್ಟ್ ಮತ್ತು ಕೊಳವೆಯ ತುಂಡಿನಿಂದ ಎಳೆದು ತೆಗೆಯಬಹುದು. ಉಕ್ಕಿನ ಬುಷ್ ಬಾರದಿದ್ದರೆ ಅದರ ಒಳಮೈಗೆ ಉದ್ದಕ್ಕೆ ಒಂದು ಗೆರೆ ವೆಲ್ಡಿಂಗ್ ಎಳೆಯುತ್ತಾರೆ. ಆರುವಾಗ ಬುಷ್ ಕುಗ್ಗಿ ಸಡಿಲವಾಗುತ್ತದೆ. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿ, ಗ್ರೀಸು ಒರೆಸಿ, ಮರಳಿನ ಬಕೆಟ್ ಬಳಿಯಲ್ಲಿಡಬೇಕು.

4. ಖಾಲಿಯಾದ ರಂಧ್ರವನ್ನು ಮೇಲೆ-ಕೆಳಗೆ, ಎಡ-ಬಲ ಎರಡೂ ಕಡೆ ಅಳೆಯಬೇಕು. ಎರಡು ಅಳತೆ ಒಂದಾಗದಿದ್ದರೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿದೆ. ಹಾಗಾದಲ್ಲಿ ವೆಲ್ಡಿಂಗ್ ತುಂಬಿ ಲೈನ್ ಬೋರಿಂಗ್ ಮಾಡಿಸದೆ ಹೊಸ ಬುಷ್ ಕೂಡಿಸುವುದು ವ್ಯರ್ಥ. ಬುಷ್‌ಗಿಂತ ಅನೇಕ ಪಟ್ಟು ಖರ್ಚು ಬರುವುದು ಇಲ್ಲಿಯೇ. ಸಕಾಲದಲ್ಲಿ ಬುಷ್ ಬದಲಿಸಿದವರಿಗೆ ಈ ಖರ್ಚು ಬರುವುದಿಲ್ಲ.

5. ಹೊಸ ಬುಷ್ಷನ್ನು ಒಂದು ರಾತ್ರಿ ಫ್ರೀಜರಿನಲ್ಲಿಡಬೇಕು. 50 ಮಿ.ಮೀ. ಹೊರವ್ಯಾಸದ ಉಕ್ಕಿನ ಬುಷ್ ಇದರಿಂದ ಸುಮಾರು 0.03 ಮಿ.ಮೀ. ಕುಗ್ಗುತ್ತದೆ. ಇದು ಅಲ್ಪವೆನಿಸಿದರೂ ಕೂಡಿಸುವ ಬಿಗಿತವೂ ಅದೇ ಆಸುಪಾಸಿನದಾದ್ದರಿಂದ ಕೆಲಸ ಹಗುರವಾಗುತ್ತದೆ. ಮೇಲೆ ಕಟ್ಟಿದ ಹಿಮ ಒರೆಸಿ, ಗ್ರೀಸಿನ ತೂತು ಸರಿಹೊಂದಿಸಿ, ಬೋಲ್ಟಿನಿಂದ ನೇರವಾಗಿ ಎಳೆದು ಕೂಡಿಸಬೇಕು. ಸುತ್ತಿಗೆಯಿಂದ ಬಡಿದರೆ ಬುಷ್ ಸೀಳಬಹುದು.

6. ಪಿನ್ನನ್ನೂ ಅಳೆಯಬೇಕು. ಸವೆದ ಪಿನ್ ಹೊಸ ಬುಷ್ಷನ್ನು ಬೇಗನೆ ತಿನ್ನುತ್ತದೆ. ಧೂಳಿನ ಸೀಲ್‌ನ ತುಟಿ ಹೊರಮುಖವಾಗಿರಬೇಕು. ಪಕ್ಕದ ಸಡಿಲಕ್ಕೆ ಶಿಮ್ ಹಾಕಬೇಕು. ರಂಧ್ರಗಳ ನೇರ ನೋಡಲು ಸರಳು ಬಳಸಬೇಕೇ ಹೊರತು ಬೆರಳನ್ನಲ್ಲ.

7. ಭಾರ ಹೊರಿಸುವ ಮುನ್ನ ಅಂಚಿನಲ್ಲಿ ಹೊಸ ಗ್ರೀಸು ಕಾಣುವವರೆಗೆ ತುಂಬಿ, ಬೂಮನ್ನು ಬರಿದೇ ಆಡಿಸಿ, ಮತ್ತೊಮ್ಮೆ ತುಂಬಬೇಕು.

ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವ ಮುನ್ನ, ಮಾರ್ಚ್-ಏಪ್ರಿಲ್ ತಿಂಗಳು ಈ ಕೆಲಸಕ್ಕೆ ಸೂಕ್ತ.

ಪಾಲುದಾರರಿಗೆ ಒಂದು ಮಾತು

ಹಲವರು ಸೇರಿ ಕೊಂಡ ಯಂತ್ರಕ್ಕೆ ಗ್ರೀಸು ಹಾಕುವ ಹೊಣೆ ಯಾರದೂ ಅಲ್ಲದಂತಾಗುವುದನ್ನು ನಾವು ನೋಡುತ್ತಿದ್ದೇವೆ. ಇಂದು ಒಬ್ಬರ ತೋಟ, ನಾಳೆ ಇನ್ನೊಬ್ಬರದು. ಹಿಂದಿನವರು ಹಾಕಿರಬಹುದೆಂದು ಪ್ರತಿಯೊಬ್ಬರೂ ಎಣಿಸುತ್ತಾರೆ. ಆದಕಾರಣ ಯಂತ್ರದಲ್ಲಿಯೇ ಒಂದು ಪುಸ್ತಕವಿಟ್ಟು, ದಿನ, ಗಂಟೆ, ಗ್ರೀಸು ಹಾಕಿದವರ ರುಜು ಬರೆಯಿಸಬೇಕೆಂದು ನಮ್ಮ ಸಲಹೆ. ಮಳೆಯಲ್ಲಿ ಅಥವಾ ಕೆಸರಿನಲ್ಲಿ ದುಡಿದ ದಿನ ಸಂಜೆಯೂ ಒಮ್ಮೆ ಹಾಕಬೇಕು. ಯಂತ್ರವನ್ನು ಒಬ್ಬರಿಂದ ಒಬ್ಬರು ವಹಿಸಿಕೊಳ್ಳುವಾಗ ಬೂಮಿನ ಸಡಿಲವನ್ನು ಇಬ್ಬರೂ ಕೂಡಿ ನೋಡಿ ಬರೆದಿಟ್ಟರೆ, ಮುಂದೆ ಖರ್ಚು ಬಂದಾಗ ಪಾಲುದಾರರೊಳಗೆ ಮನಸ್ತಾಪಕ್ಕೆ ಎಡೆಯಿರದು.

ಹೊರ ಜಿಲ್ಲೆಯಿಂದ ಯಂತ್ರ ಕೊಳ್ಳಲು ಹೊರಟಿರುವ ಸದಸ್ಯರು ಮುಂಗಡ ಕೊಡುವ ಮುನ್ನ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯಲಿ. ಬುಷ್ ಮಾತ್ರ ಸವೆದಿದ್ದರೆ ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೊಳ್ಳಬಹುದು. ಬೂಮಿನ ರಂಧ್ರವೇ ಕೆಟ್ಟಿದ್ದರೆ ಅಥವಾ ಬುಡದಲ್ಲಿ ಬಿರುಕಿನ ಮೇಲೆ ಬಣ್ಣ ಬಳಿದಿದ್ದರೆ, ಬೆಲೆ ಎಷ್ಟೇ ಅಗ್ಗವಿದ್ದರೂ ಹಿಂದಿರುಗುವುದೇ ಲೇಸು.