ತಲೆಸುತ್ತಿಗೆಲ್ಲ ಪಿತ್ತವೇ ಕಾರಣವಲ್ಲ

ತಲೆ ಸುತ್ತಿದೊಡನೆ ಪಿತ್ತವೆಂದು ಭಾವಿಸಿ ಲಿಂಬೆ ಶರಬತ್ತು ಕುಡಿದು ಮಲಗುವ ರೂಢಿ ನಮ್ಮಲ್ಲಿದೆ. ಆದರೆ ಇದರ ಮೂಲವು ಅನೇಕ ವೇಳೆ ಶ್ರವಣದೊಂದಿಗೆ ದೇಹದ ಸಮತೋಲನವನ್ನೂ ಕಾಯುವ ಒಳಕಿವಿಯಲ್ಲಿರುತ್ತದೆ.

ಹಾಸಿಗೆಯಲ್ಲಿ ಮಗ್ಗಲು ಬದಲಿಸಿದಾಗ ಉಂಟಾಗಿ ನಿಮಿಷದೊಳಗೆ ನಿಲ್ಲುವ ಸುತ್ತಿಗೆ, ಒಳಕಿವಿಯ ಸೂಕ್ಷ್ಮ ಸುಣ್ಣದ ಹರಳುಗಳು ಸ್ಥಾನ ತಪ್ಪಿರುವುದು ಸಾಮಾನ್ಯ ಕಾರಣ. ವೈದ್ಯರು ತಲೆಯನ್ನು ಕ್ರಮಬದ್ಧವಾಗಿ ತಿರುಗಿಸಿ ಅವುಗಳನ್ನು ಸರಿಪಡಿಸಬಲ್ಲರು. ಕಿವಿಯಲ್ಲಿ ಮೊರೆತ ಹಾಗೂ ಮಂದಶ್ರವಣದೊಂದಿಗೆ ಗಂಟೆಗಟ್ಟಲೆ ಸುತ್ತು ಮರುಕಳಿಸುತ್ತಿದ್ದರೆ ಮೆನಿಯರ್ ಕಾಯಿಲೆಯನ್ನೂ, ವಾಂತಿಯೊಂದಿಗೆ ದಿನಗಟ್ಟಲೆ ಇದ್ದರೆ ಸಮತೋಲನ ನರದ ಉರಿಯೂತವನ್ನೂ ಶಂಕಿಸಲಾಗುತ್ತದೆ. ಸೋರುವ ಕಿವಿಯೊಂದಿಗೆ ತಲೆ ಸುತ್ತಿದರೆ ಸೋಂಕು ಒಳಕಿವಿಗೆ ಹರಡಿರಬಹುದು. ಅಂತಹ ಕಿವಿಗೆ ಎಣ್ಣೆ ಹಾಕಲೇಬಾರದು. ಎದ್ದು ನಿಂತಾಗ ಮಾತ್ರ ಕಣ್ಣು ಕತ್ತಲಿಟ್ಟರೆ ರಕ್ತಹೀನತೆ ಅಥವಾ ರಕ್ತದೊತ್ತಡದ ಇಳಿಕೆ ಕಾರಣವಿರಬಹುದು. ಇವುಗಳಿಗೆ ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ, ಅಗತ್ಯವಿದ್ದಲ್ಲಿ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ತಪಾಸಣೆ ಮಾಡಿಸಿಕೊಳ್ಳತಕ್ಕದ್ದು.

ಆದರೆ ಹಠಾತ್ ತಲೆಸುತ್ತಿನೊಂದಿಗೆ ಮಾತು ತೊದಲಿದರೆ, ಮುಖ ಸೊಟ್ಟಗಾದರೆ, ನೋಟ ಎರಡೆರಡಾದರೆ ಅಥವಾ ನಿಲ್ಲಲಾಗದಿದ್ದರೆ ಅದು ಪಾರ್ಶ್ವವಾಯು ಆಗಿರಬಹುದು. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ 4.5 ಗಂಟೆಯೊಳಗೆ ನೀಡಬೇಕಾಗುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲೂಕುಗಳ ಗ್ರಾಮಗಳಿಂದ ಗದಗ-ಬೆಟಗೇರಿ ತಲುಪುವುದಕ್ಕೂ ಈ ಅವಧಿಯಲ್ಲೇ ಸಮಯ ಬೇಕು. ಆದ್ದರಿಂದ ಬೆಳಗಾಗಲೆಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.