ಎಂಟು ಬೈಟುಗಳ ಕೊರತೆ

ಹಳೆಯ ಕಂಪ್ಯೂಟರೊಂದಕ್ಕೆ ಎರಡು ನೆಟ್‌ವರ್ಕ್ ಕಾರ್ಡುಗಳನ್ನು ಕೂಡಿಸಿ, ಅದರಲ್ಲಿ ಲಿನಕ್ಸನ್ನೋ ಓಪನ್‌ಬಿಎಸ್‌ಡಿಯನ್ನೋ ಸ್ಥಾಪಿಸಿ, ಮನೆಯ ರೂಟರನ್ನು ಸ್ವಹಸ್ತದಿಂದಲೇ ನಿರ್ಮಿಸಿಕೊಂಡ ಉತ್ಸಾಹಿಗಳಿಗೆ ಒದಗುವ ಕಷ್ಟಗಳಲ್ಲಿ ಅತ್ಯಂತ ವಿಲಕ್ಷಣವಾದುದೆಂದರೆ ಸಂಪರ್ಕವು ಇದ್ದೂ ಇಲ್ಲದಂತಾಗುವುದು. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಕೆಲವು ಜಾಲತಾಣಗಳು ಚುರುಕಾಗಿಯೇ ತೆರೆದುಕೊಳ್ಳುತ್ತವೆ. ಮತ್ತೆ ಕೆಲವು ಅರ್ಧಕ್ಕೇ ನಿಂತುಬಿಡುತ್ತವೆ. ಎಸ್‌ಎಸ್‌ಎಚ್ ಮೂಲಕ ದೂರದ ಯಂತ್ರವನ್ನು ಪ್ರವೇಶಿಸಿ ಉದ್ದವಾದ ಕಡತಪಟ್ಟಿಯೊಂದನ್ನು ಕೇಳಿದೊಡನೆ ಪರದೆ ಸ್ತಬ್ಧ. ತಂತಿ ಕೆಟ್ಟಿದ್ದರೆ ಎಲ್ಲವೂ ಕೆಡಬೇಕಾಗಿತ್ತಲ್ಲವೆ? ಚಿಕ್ಕವು ಸಾಗಿ ದೊಡ್ಡವು ಮಾತ್ರ ಸಿಕ್ಕಿಕೊಳ್ಳುವ ಈ ಲಕ್ಷಣವೇ ರೋಗದ ಮೂಲವನ್ನು ಸೂಚಿಸುವಂಥದು.

ಈಥರ್ನೆಟ್ ಹಾದಿಯಲ್ಲಿ ಒಂದು ಪ್ಯಾಕೆಟ್ಟಿನ ಸಾಮಾನ್ಯ ಪರಮಾವಧಿ 1500 ಬೈಟು. ಆದರೆ ನಮ್ಮಲ್ಲಿಯೂ ಅನೇಕ ಬ್ರಾಡ್‌ಬ್ಯಾಂಡ್ ಸಂಪರ್ಕಗಳು ಆಶ್ರಯಿಸಿರುವ ಪಿಪಿಪಿಒಇ ಎಂಬ ವಿಧಾನವು ತನ್ನ ಶಿರೋಲೇಖಕ್ಕೆಂದು 8 ಬೈಟುಗಳನ್ನು ಕಬಳಿಸುವುದರಿಂದ ಉಳಿಯುವುದು 1492. ತುಂಬಿದ ಹುಲ್ಲಿನ ಬಂಡಿ ತಗ್ಗು ಹೆಬ್ಬಾಗಿಲಿಗೆ ಬಂದು ನಿಂತಂತೆ, ತುಂಡರಿಸಕೂಡದೆಂಬ ಗುರುತು ಹೊತ್ತ 1500 ಬೈಟಿನ ಪ್ಯಾಕೆಟ್ಟು ಅಲ್ಲಿಗೆ ಬಂದಾಗ, ರೂಟರು ಅದನ್ನು ತ್ಯಜಿಸಿ, ‘ಇಷ್ಟೇ ಗಾತ್ರ ಹಿಡಿಸುತ್ತದೆ’ ಎಂದು ಕಳುಹಿಸಿದವನಿಗೆ ಐಸಿಎಂಪಿ ಸಂದೇಶದ ಮೂಲಕ ತಿಳಿಸಬೇಕೆಂಬ ವ್ಯವಸ್ಥೆ 1990ರಲ್ಲಿಯೇ ರೂಪುಗೊಂಡಿತು. ವ್ಯವಸ್ಥೆ ಸೊಗಸಾದುದೇ. ಆದೊಡೆ ಐಸಿಎಂಪಿ ಎಂದರೆ ಶತ್ರುಗಳ ಗೂಢಚರ್ಯೆಯೆಂದು ಭಾವಿಸಿ, ಫೈರ್‌ವಾಲಿನಲ್ಲಿ ಅದನ್ನು ಸಮೂಲವಾಗಿ ನಿಷೇಧಿಸುವ ಅತಿಜಾಗರೂಕರಿಗೆ ಲೋಕದಲ್ಲಿ ಕೊರತೆಯಿಲ್ಲ! ಸಂದೇಶ ತಲುಪದ ಸರ್ವರು ಅದೇ ದೊಡ್ಡ ಪ್ಯಾಕೆಟ್ಟನ್ನು ಮರಳಿ ಮರಳಿ ಕಳುಹಿಸುತ್ತಲೇ ಇರುತ್ತದೆ. ಇತ್ತ ನಾವು ಕಾಯುತ್ತಲೇ ಇರುತ್ತೇವೆ.

ಪರೀಕ್ಷೆ ಸುಲಭ. ಮನೆಯ ಕಂಪ್ಯೂಟರಿನಿಂದ, ತುಂಡರಿಸಕೂಡದೆಂಬ ಆಜ್ಞೆಯೊಡನೆ, 1464 ಬೈಟಿನ ಪಿಂಗ್ ಕಳುಹಿಸಬೇಕು. ಅದಕ್ಕೆ 28 ಬೈಟಿನ ಶಿರೋಲೇಖಗಳು ಸೇರಿದರೆ ಸರಿಯಾಗಿ 1492. ಇದಕ್ಕೆ ಉತ್ತರ ಬಂದು, 1472ಕ್ಕೆ ಬಾರದಿದ್ದರೆ, ಇಕ್ಕಟ್ಟು ಎಲ್ಲಿದೆಯೆಂಬುದು ಸ್ಪಷ್ಟ. ಆಗ ಗಾತ್ರ ಮೀರಿತೆಂಬ ಸೂಚನೆಯೂ ಬಾರದೆ ಬರಿಯ ಮೌನವೇ ದೊರೆತರೆ, ನಮ್ಮ ರೂಟರಿನ ಫೈರ್‌ವಾಲ್ ನಿಯಮಗಳನ್ನೇ ಮೊದಲು ಶಂಕಿಸಬೇಕು.

ದೂರದ ಸರ್ವರಿನವರ ಅವಿವೇಕವನ್ನು ನಾವು ತಿದ್ದಲಾರೆವು. ಅದೃಷ್ಟವಶಾತ್, ಟಿಸಿಪಿ ಸಂಪರ್ಕದ ಆರಂಭದಲ್ಲಿ ಉಭಯಪಕ್ಷಗಳೂ ತಾವು ಸ್ವೀಕರಿಸಬಲ್ಲ ದತ್ತಾಂಶದ ಗರಿಷ್ಠ ಪ್ರಮಾಣವನ್ನು ಘೋಷಿಸುತ್ತವಾದುದರಿಂದ, ಸಾಮಾನ್ಯವಾಗಿ 1460 ಬೈಟಾಗಿರುವ ಆ ಪ್ರಮಾಣವನ್ನು ನಡುವೆಯೇ 1452ಕ್ಕೆ ಇಳಿಸುವಂತೆ ರೂಟರಿಗೆ ಒಂದು ಸಾಲಿನ ನಿಯಮವನ್ನು ವಿಧಿಸಿದರೆ ಸಾಕು, ದೊಡ್ಡ ಪ್ಯಾಕೆಟ್ಟುಗಳು ಹೊರಡುವುದೇ ಇಲ್ಲ. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂಬ ಈ ಉಪಾಯ ಟಿಸಿಪಿಗೆ ಮಾತ್ರ ಅನ್ವಯಿಸುವುದಾದ್ದರಿಂದ, ಇದನ್ನು ಮಾಡಿದ ಮೇಲೂ ಐಸಿಎಂಪಿಯನ್ನು ತಡೆಯಬಾರದು. ನಡುದಾರಿಯ ರೂಟರುಗಳು ಯಾವ ಪ್ಯಾಕೆಟ್ಟನ್ನೂ ತುಂಡರಿಸದ ಐಪಿವಿ6ರಲ್ಲಂತೂ ಹಾಗೆ ತಡೆಯುವುದು ಅಕ್ಷಮ್ಯ.