ಕೆಂಪುಕಲ್ಲಿನ ನಾಡಿನಲ್ಲಿ ಉಸ್ತರಾದ ಸಾಣೆ

ಅರ್ಧ ಬ್ಲೇಡಿನ ಕಾಲಕ್ಕೆ ಮುಂಚೆ ಬೀದರ್ ಸೀಮೆಯ ಗದ್ದಗಳು ನಂಬಿದ್ದು ಒಂದು ಕಲ್ಲನ್ನು, ಒಂದು ಚರ್ಮದ ಪಟ್ಟಿಯನ್ನು

ಬೀದರ್ ಕೋಟೆಯ ಗೋಡೆಗೆ ಉಸ್ತರಾ ತಿಕ್ಕಿದರೆ ಅದರ ಆಯುಷ್ಯ ಅಲ್ಲಿಗೇ ಮುಗಿಯಿತು. ಊರು ನಿಂತಿರುವುದೇ ಜಂಬಿಟ್ಟಿಗೆಯ ಮೇಲೆ. ತೂತು ತೂತಾದ, ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಪೊಳ್ಳಾದ ಕೆಂಪುಕಲ್ಲು ಅದು. ಮೂರು ಸುತ್ತಿನ ಕಂದಕ ಕಡಿಯಲು ಬಹಮನಿ ಸುಲ್ತಾನರಿಗೆ ಒದಗಿ ಬಂತು, ನೌಬಾದಿನ ಕರೇಜ್ ಎಂಬ ನೆಲದಡಿಯ ಕಾಲುವೆಗೂ ಮಳೆನೀರನ್ನು ಸೋಸಿ ಕೊಟ್ಟಿತು. ಕತ್ತಿಗೆ ಮಾತ್ರ ಹಗೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಮಣ್ಣು ಕಪ್ಪಾಗುತ್ತದೆ. ಅದರಡಿಗೆ ಕರಿಕಲ್ಲು, ದಖನ್ನಿನ ಆ ಲಾವಾ ಉಕ್ಕಿ ಹರಿದು ಸುಮಾರು 6.6 ಕೋಟಿ ವರ್ಷವಾಯಿತು. ಬದುವಿನ ಮೇಲಿನ ಅಂಥ ಕಲ್ಲಿಗೆ ಕುಡಗೋಲು ಮಸೆದುಕೊಂಡರೆ ದಿನದ ಕೊಯ್ಲು ಸಾಗುತ್ತದೆ. ಗದ್ದದ ಕೆಲಸಕ್ಕೆ ಅದೂ ಸಾಲದು.

ಕುಡಗೋಲಿನ ಬಾಯಿ ಕೊಂಚ ಒರಟಾಗಿದ್ದರೇ ಚೆನ್ನ. ಗರಗಸದ ಹಲ್ಲಿನ ಹಾಗೆ ಜೋಳದ ದಂಟನ್ನು ಕಚ್ಚಿ ಹಿಡಿಯುತ್ತದೆ. ಆ ಹಲ್ಲು ಕೆನ್ನೆಗೆ ತಾಗಿದರೆ ನೆತ್ತರು. ಉಸ್ತರಾಕ್ಕೆ ಬೇಕಾದ ಕಲ್ಲಿನ ಕಣಗಳು ಮೈಕ್ರಾನಿನ ಲೆಕ್ಕದಷ್ಟು ಸಣ್ಣವಿರಬೇಕು, ಎಲ್ಲವೂ ಒಂದೇ ಸಮ ಇರಬೇಕು. ನಡುವೆ ಒಂದು ದಪ್ಪ ಹರಳಿದ್ದರೂ ಅಲಗಿನುದ್ದ ಗೀರು ಬಿತ್ತು. ಇಂಥ ಕಲ್ಲು ಕೇಳಿದಲ್ಲಿ ಸಿಗುವುದಲ್ಲ. ಬೆಲ್ಜಿಯಂನ ವೀಲ್ಸಾಲ್ಮ್ ಸುತ್ತಲಿನ ಹಳದಿ ಕೋಟಿಕ್ಯೂಲ್ ಕಲ್ಲಿನಲ್ಲಿ ಉಕ್ಕನ್ನು ಸವೆಸುವುದು ಸೂಕ್ಷ್ಮ ಗಾರ್ನೆಟ್ ಹರಳು. ಅಮೆರಿಕದ ಅರ್ಕಾನ್ಸಾ ಕಲ್ಲು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ನಮ್ಮ ಕರಿಕಲ್ಲಿನ ಪೊಟರೆಗಳಲ್ಲೂ ಸಿಲಿಕಾದ್ದೇ ಆದ ಅಗೇಟ್ ಹುಟ್ಟುತ್ತದೆ. ಚಪ್ಪಟೆ ಕೊಯ್ದು ನಯ ಮಾಡಿದರೆ ಕೊನೆಯ ಹೊಳಪಿಗೆ ಅದು ಆದೀತು. ಮೊಂಡಾದ ಕತ್ತಿಯನ್ನು ಎಬ್ಬಿಸುವ ಕಸುವು ಅದಕ್ಕಿಲ್ಲ.

ಕಲ್ಲಿನ ಊರು ಕೇಳಿ, ಬಣ್ಣ ನೋಡಿ ಸಾವಿರಗಟ್ಟಲೆ ಸುರಿಯುವ ಹವ್ಯಾಸಿಗಳು ಈಗ ದೇಶದೇಶಗಳಲ್ಲಿದ್ದಾರೆ. ಸುರಿಯಲಿ. ನನಗಂತೂ ಅರ್ಧ ವಿದ್ಯೆ ಕತ್ತಿಯ ಆಕಾರದಲ್ಲೇ ಇದೆ ಅನ್ನಿಸುತ್ತದೆ. ಉಸ್ತರಾದ ಎರಡು ಮಗ್ಗುಲನ್ನೂ ಒಳಕ್ಕೆ ಕೊರೆದಿರುತ್ತಾರೆ. ಹೀಗಾಗಿ ಕಲ್ಲಿನ ಮೇಲೆ ಮಲಗಿಸಿದಾಗ ತಾಗುವುದು ಬೆನ್ನು ಮತ್ತು ಬಾಯಿ, ಎರಡೇ. ಬೆನ್ನು 5 ಮಿ.ಮೀ. ದಪ್ಪ, ಅಲಗು 18 ಮಿ.ಮೀ. ಅಗಲ ಇದ್ದರೆ ಬಾಯಿಯ ಕೋನ ತಾನಾಗಿ ಸುಮಾರು 16 ಡಿಗ್ರಿಗೆ ಬಂದು ನಿಲ್ಲುತ್ತದೆ. ವರ್ಷಗಟ್ಟಲೆ ಮಸೆದು ಬಾಯಿ ಸವೆದರೆ ಜೊತೆಗೆ ಬೆನ್ನೂ ಸವೆಯುತ್ತದೆ, ಕೋನ ಹೆಚ್ಚೇನೂ ಕೆಡುವುದಿಲ್ಲ. ಮಸೆಯುವವನು ಕೋನ ಹುಡುಕಬೇಕಿಲ್ಲ, ಬೆನ್ನು ಎತ್ತದಿದ್ದರಾಯಿತು.

ಉಳಿದರ್ಧ ಕೈಯಲ್ಲಿದೆ. ಕಲ್ಲಿಗೆ ನೀರು ಚಿಮುಕಿಸಿ, ಬಾಯಿ ಮುಂದಾಗಿ, ಹಿಮ್ಮಡಿಯಿಂದ ತುದಿಯವರೆಗೆ ಓರೆಯಾಗಿ ಎಳೆಯಬೇಕು. ತಿರುಗಿಸುವುದು ಯಾವಾಗಲೂ ಬೆನ್ನಿನ ಮೇಲೆ. ಬಾಯಿಯ ಮೇಲೆ ಹೊರಳಿಸಿದರೆ ಅಷ್ಟು ಹೊತ್ತಿನ ಕೆಲಸ ನೀರುಪಾಲು. ಮೊದಮೊದಲು ಕಲ್ಲಿನ ನೀರು ಬೂದು ಬಣ್ಣಕ್ಕೆ ತಿರುಗುತ್ತದೆ, ಅದು ಸವೆದ ಉಕ್ಕು. ಆಮೇಲೆ ಒತ್ತಡ ಇಳಿಸುತ್ತ ಹೋಗಿ, ಕೊನೆಗೆ ಕತ್ತಿಯ ಭಾರವೊಂದೇ ಸಾಕು ಅನ್ನುವ ಹದಕ್ಕೆ ಬರಬೇಕು. ಅಲಗು ನೀರನ್ನು ತಬ್ಬಿಕೊಂಡು ಕಲ್ಲಿಗೆ ಅಂಟಿದಂತೆ ಜಗ್ಗತೊಡಗಿದರೆ ಕೆಲಸ ಮುಗಿಯುತ್ತ ಬಂತು. ಚರ್ಮದ ಪಟ್ಟಿಯ ಮೇಲೆ ದಿಕ್ಕು ತಿರುಗುಮುರುಗು: ಅಲ್ಲಿ ಬೆನ್ನು ಮುಂದೆ, ಬಾಯಿ ಹಿಂದೆ. ಮರೆತರೆ ಪಟ್ಟಿಯೇ ಸೀಳುತ್ತದೆ.

ಉಕ್ಕಿಗಿಂತ ಸುಮಾರು 50 ಪಟ್ಟು ಮೆದುವಾದ ಕೂದಲು ಕತ್ತಿಯನ್ನು ಹೇಗೆ ಮೊಂಡು ಮಾಡುತ್ತದೆ? 2020ರಲ್ಲಿ ಅಮೆರಿಕದ ಎಂಐಟಿಯ ಸಂಶೋಧಕರು ಬ್ಲೇಡಿನ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದರು. ಅಂಚು ಸವೆದು ಗುಂಡಗಾಗುವ ಬದಲು ಅಲ್ಲಲ್ಲಿ ಮುಕ್ಕಾಗಿತ್ತು. ಕೂದಲು ಓರೆಯಾಗಿ ಬಾಗಿ ತಾಗುವಾಗ, ಉಕ್ಕಿನ ಒಳರಚನೆ ಒಂದೇ ಸಮ ಇಲ್ಲದ ಕಡೆ ಚೂರು ಹಾರುತ್ತದೆ. ಬಿಸಿನೀರು, ಸೋಪು ಹಚ್ಚಿ ಗಡ್ಡವನ್ನು ಚೆನ್ನಾಗಿ ನೆನೆಸುವುದು ಗಿರಾಕಿಯ ಉಪಚಾರಕ್ಕಷ್ಟೇ ಅಲ್ಲ, ಕತ್ತಿಯ ಬಾಯಿಗೂ ಒಳ್ಳೆಯದು.

ಕ್ಷೌರದ ಕಸುಬಿನವರು ಬೀದರ್ ಸೀಮೆಯಲ್ಲಿ ಸಾಮಾನ್ಯರೇನಲ್ಲ. ಇದೇ ಜಿಲ್ಲೆಯ ಬಸವಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ, ಬಸವಣ್ಣನವರ ಆಪ್ತರಾಗಿದ್ದ ಹಡಪದ ಅಪ್ಪಣ್ಣನವರನ್ನು ಹಡಪದ ಸಮುದಾಯ ತನ್ನ ಹಿರಿಯರೆಂದು ನೆನೆಯುತ್ತದೆ. ಅವರ ಮಡದಿ ಲಿಂಗಮ್ಮನವರೂ ವಚನಕಾರ್ತಿ. ನಿಜಾಮರ ಕಾಲಕ್ಕೂ ಹಳ್ಳಿಗಳಲ್ಲಿ ಮನೆಮನೆಯ ಕ್ಷೌರಕ್ಕೆ ಕೂಲಿ ಸಿಗುತ್ತಿದ್ದುದು ಸುಗ್ಗಿಯ ಕಾಳಿನಲ್ಲಿ. ಮರಾಠಿ ಬೆರೆತ ಔರಾದ್ ಕಡೆ ಅದಕ್ಕೆ ಬಲುತೆ, ಕನ್ನಡದಲ್ಲಿ ಆಯ. ದಾಡಿಗಿಷ್ಟು ಎಂಬ ಲೆಕ್ಕವಿಲ್ಲದ ಆ ವ್ಯವಸ್ಥೆಯಲ್ಲಿ ಕತ್ತಿ ಮಸೆಯುವ ಹೊತ್ತಿಗೆ ಬೇರೆ ದುಡ್ಡು ಎಲ್ಲಿಂದ ಬರಬೇಕು? ಹಳೆಯ ಕಲ್ಲಿನ ಹಾಡು ಹಾಡುವವರು ಇದನ್ನು ಹೇಳುವುದಿಲ್ಲ.

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ. ಮುಂದಿನ ವರ್ಷಗಳಲ್ಲಿ ‘ಹೊಸ ಬ್ಲೇಡ್ ಹಾಕಪ್ಪ’ ಎಂಬ ಮಾತು ಸಲೂನುಗಳಲ್ಲಿ ಮಾಮೂಲಾಯಿತು. ಟೋಪಾಜ್ ಬ್ಲೇಡನ್ನು ಹೊದಿಕೆಯ ಸಮೇತ ನಡುವೆ ಮುರಿದು, ಅರ್ಧವನ್ನು ಹಿಡಿಕೆಗೆ ಸಿಕ್ಕಿಸಿದರೆ ಸಾಣೆಯೇ ಬೇಡ. ಸರಿಯಾದದ್ದೇ ಆಯಿತು; ಒಬ್ಬರ ನೆತ್ತರು ಇನ್ನೊಬ್ಬರಿಗೆ ತಾಗುವ ಕತ್ತಿಯನ್ನು ಕಲ್ಲು ಹರಿತ ಮಾಡೀತೇ ಹೊರತು ಶುದ್ಧ ಮಾಡಲಾರದು. ಆದರೆ ಅಲಗನ್ನು ತಾನೇ ತಯಾರು ಮಾಡಿಕೊಳ್ಳುತ್ತಿದ್ದ ಕಸುಬುದಾರ ದಿನವೂ ಬ್ಲೇಡು ಕೊಳ್ಳುವ ಗಿರಾಕಿಯಾದ.

ಅಜ್ಜನ ಉಸ್ತರಾ ಟ್ರಂಕಿನಲ್ಲಿದ್ದರೆ, ಒಬ್ಬರೇ ಬಳಸುವುದಾದರೆ, ಅದಕ್ಕೆ ಮತ್ತೆ ಜೀವ ಬರಿಸಬಹುದು. ಬೀದಿಯಲ್ಲಿ ಸೈಕಲ್ ಚಕ್ರ ತುಳಿದು ಸಾಣೆ ಹಿಡಿಯುವವರ ಕೈಗೆ ಮಾತ್ರ ಕೊಡಬೇಡಿ. ಕಿಡಿ ಹಾರುವಾಗ ಆ ತೆಳು ಅಂಚು ಕ್ಷಣದಲ್ಲಿ 200 ಡಿಗ್ರಿ ದಾಟಿ ಉಕ್ಕಿನ ಹದ ಹೋಗುತ್ತದೆ, ಮತ್ತೆ ಯಾವ ಕಲ್ಲಿಗೂ ಅದು ಬಗ್ಗುವುದಿಲ್ಲ. ಹಳೆಯ ಸಾಣೆಕಲ್ಲಿನ ನಡುವೆ ಹಳ್ಳ ಬಿದ್ದಿದ್ದರೆ ಶಹಾಬಾದ್ ಫರಸಿಯ ಮೇಲೆ ಸಣ್ಣ ಮರಳು, ನೀರು ಹಾಕಿ ಸಪಾಟಾಗುವ ತನಕ ಉಜ್ಜಿ. ಕತ್ತಿಯ ಸರದಿ ಆಮೇಲೆ.